ಬಾನಿಕೊಪ್ಪಲಿನ ಎರಡನೆಯ ಮಂಕರಿ

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಹೊಲದ ಬದು ಹಿಡಿದು ಮುಕ್ಕಾಲು ಮೈಲಿ ಪಡುವಲಿಗೆ ನಡೆದರೆ ಬಾನಿಕೊಪ್ಪಲು ಸಿಗುತ್ತದೆ. ನಲವತ್ತೈದು ಮನೆಗಳ ಊರು. ಊರು ಮುಗಿದು ತೆಂಗಿನ ತೋಟ ಶುರುವಾಗುವ ನಡುವೆ ಒಂದು ದುಂಡನೆಯ ತಗ್ಗು ಇದೆ. ಅದಕ್ಕೆ ಚುಕ್ಕಿಬಾನಿ ಎಂದು ಹೆಸರು. ದನಗಳಿಗೆ ನೀರಿಡುವ ಅಗಲ ಬಾಯಿಯ ಬಾನಿಯನ್ನು ಕತ್ತಿನವರೆಗೆ ನೆಲದಲ್ಲಿ ಹೂತಂತೆ ಅದರ ಆಕಾರ. ಸುತ್ತಳತೆ ನೂರ ಎಂಬತ್ತು ಮಾರು, ಆಳ ಎರಡಾಳು. ಸುತ್ತಲೂ ಸೊಂಟದೆತ್ತರದ ಮಣ್ಣಿನ ದಂಡೆ. ಮೂಡಲ ಕಡೆ ಮಾತ್ರ ದನ ಇಳಿದಿಳಿದು ಸವೆದ ಜಾಡು. ಮಳೆಗಾಲದಲ್ಲಿ ತಳದಲ್ಲಿ ನೀರು ನಿಲ್ಲುತ್ತದೆ, ಶಿವರಾತ್ರಿಯ ಹೊತ್ತಿಗೆ ಒಣಗುತ್ತದೆ.

ಇಲ್ಲಿ ಬರೆಯುತ್ತಿರುವುದು ೧೯೯೯ರ ಬೇಸಿಗೆಯಲ್ಲಿ ಅಲ್ಲಿ ನಡೆದ ಸಂಗತಿ. ಹೇಳಿದವರು ಮೂವರು: ತೋಟದ ಮನೆಯ ದ್ರಾಕ್ಷಾಯಣಮ್ಮ, ಗಾರೆ ಕೆಲಸದ ಮರಿಯಣ್ಣ, ಹಾಸನದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಶ್ಯಾಮಲಾ. ಮೂವರ ಮಾತು ಕೂಡುವಲ್ಲಿ ಹಾಗೆಯೇ ಬರೆದಿದ್ದೇನೆ. ಕೂಡದಿರುವ ಕಡೆ ಒಂದೇ ಒಂದು. ಅದು ಕೊನೆಯಲ್ಲಿ ಬರುತ್ತದೆ.

ಮೊದಲು ಕಥೆಯನ್ನು ಹೇಳಬೇಕು, ಏಕೆಂದರೆ ವ್ಯಾಜ್ಯ ಹುಟ್ಟಿದ್ದು ಕಥೆಯಿಂದಲೇ. ಅದನ್ನು ಹೇಳುವ ಹಕ್ಕು ಊರಿನಲ್ಲಿ ಒಂದು ಮನೆಯದು, ಆ ಮನೆಯ ಹಿರಿಯ ಸೊಸೆಯದು. ಆಗ ಆ ಸ್ಥಾನದಲ್ಲಿದ್ದವರು ಎಪ್ಪತ್ತೆರಡು ವರ್ಷದ ಕೆಂಪಲಕ್ಷ್ಮಮ್ಮ. ಹುಲಿಕೆರೆಯಲ್ಲಿ ಹುಟ್ಟಿ ಹದಿನಾರನೆಯ ವಯಸ್ಸಿನಲ್ಲಿ ಇಲ್ಲಿಗೆ ಸೊಸೆಯಾಗಿ ಬಂದವರು. ಅತ್ತೆಯಿಂದ ಕೇಳಿದ ಕಥೆಯನ್ನು ಅವರು ಹೀಗೆ ಹೇಳುತ್ತಿದ್ದರು.

ಆಕಾಶದ ತುಂಬಿದ ಮನೆಯಲ್ಲಿ ಒಬ್ಬಳು ಕಿರಿಯ ಚುಕ್ಕಿ ಇದ್ದಳು. ಕೆಳಗೆ ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಹಗಲೆಲ್ಲ ಉಳಿಯ ಸದ್ದು ಕೇಳುತ್ತಿತ್ತು. ಕಲ್ಲಿನ ಹೆಂಗಸರಿಗೆ ಅಲ್ಲಿ ಓಲೆ, ಬಳೆ, ಜಡೆಬಿಲ್ಲೆ ಎಲ್ಲ ಹಾಕುತ್ತಿದ್ದಾರೆಂದು ಸುದ್ದಿ ಬಂತು. ನನಗಿಂತ ಹೊಳೆಯುತ್ತಾರೋ ನೋಡಿಯೇ ಬರುತ್ತೇನೆಂದು ಚುಕ್ಕಿ ಹೊರಟಳು. ಹೊಸ ಊರಿಗೆ ಹೋಗುವಾಗ ಮಿಂದು ಹೋಗಬೇಕಲ್ಲ. ಹುಲಿಕೆರೆಯ ಮೆಟ್ಟಿಲುಕೊಳವನ್ನು ಗುರಿಯಿಟ್ಟು ಧುಮುಕಿದಳು. ಅವಸರಕ್ಕೆ ಗುರಿ ತಪ್ಪಿತು. ಬಿದ್ದದ್ದು ಇಲ್ಲಿ, ಒಣ ಹೊಲದಲ್ಲಿ. ಬಿಸಿ ಮುದ್ದೆಯ ನಡುವೆ ಹೆಬ್ಬೆರಳಿಟ್ಟು ಗುಳಿ ಮಾಡಿದಂತೆ ನೆಲ ಒಳಗಿಳಿಯಿತು, ಅಂಚು ಮೇಲೆದ್ದಿತು. ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಓಡಿ ಬಂದು, ಯಾರಮ್ಮ ನೀನು, ಏಟಾಯಿತೇ ಎಂದು ಕೇಳಿ ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಚುಕ್ಕಿ ಕುಡಿದು, ಬೇಲೂರು ಹಳೇಬೀಡುಗಳನ್ನು ನೋಡಿ ಮೂರನೆಯ ದಿನ ಹಿಂತಿರುಗಿದಳು. “ಕಲ್ಲಿನ ಹೆಂಗಸರು ಲಕ್ಷಣವಾಗವ್ರೆ. ಆದ್ರೆ ಒಬ್ಬಳೂ ಮಜ್ಜಿಗೆ ಕೊಡ್ನಿಲ್ಲ” ಎಂದಳು. ಇನ್ನೊಂದು ಸಲ ಬಂದಾಗ ಮೇಲಿನಿಂದಲೇ ಗುರುತು ಸಿಗುವಂತೆ ಈ ಜಾಗವನ್ನು ಹೀಗೆಯೇ ಇಟ್ಟಿರು ಎಂದು ಕೇಳಿಕೊಂಡಳು. “ಮಳೆ ಹುಯ್ದ್ರೆ ದಂಡೆ ಇಳೀತದೆ, ಗುಂಡಿ ತುಂಬ್ಕತದೆ, ನಾನೇನ್ ಮಾಡ್ಲಿ?” ಎಂದಳು ಹೆಂಗಸು. “ಮಳೆ ಇಳಿಸಿದ್ದ ನೀನು ಏರ್ಸು. ಹಾರೆ ಗುದ್ದಲಿ ಮುಟ್ಟಿಸ್ಬೇಡ, ನಂಗೆ ನೋಯ್ತದೆ. ಕೈಯಾಗೆ ಎತ್ತು” ಎಂದು ಹೇಳಿ ಚುಕ್ಕಿ ಮೇಲೇರಿದಳು.

ಈ ಮಾತಿನಂತೆ ಭರಣಿಯ ಮೊದಲ ಹದಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬಾನಿಕೊಪ್ಪಲಿನಲ್ಲಿ ಮಣ್ಣೇರಿಸುತ್ತಾರೆ. ದಂಡೆಯಲ್ಲಿ ಒಂದೊಂದು ಮನೆಗೂ ನಾಲ್ಕು ಮಾರಿನ ಪಾಲು ಇದೆ. ಮನೆಯ ಹೆಂಗಸರು ಬಾನಿಯ ತಳಕ್ಕಿಳಿದು, ಕೊಚ್ಚಿ ಬಂದ ಗೋಡುಮಣ್ಣನ್ನು ಕೈಯಿಂದ ಬಾಚಿ ಒಬ್ಬೊಬ್ಬರು ಒಂದೊಂದು ಮಂಕರಿ ಬುಟ್ಟಿ ತುಂಬಿ, ತಮ್ಮ ಪಾಲಿನ ದಂಡೆಯ ಮೇಲೆ ಸುರಿದು ಸವರಬೇಕು. ಮೊದಲ ಮಂಕರಿ ಕೆಂಪಲಕ್ಷ್ಮಮ್ಮನವರದು. ಗಂಡಸರು ಪಾನಕ ಮಾಡುತ್ತಾರೆ. ಅದರಲ್ಲಿ ಬೆಲ್ಲ ಹೆಚ್ಚಾಯಿತು, ಏಲಕ್ಕಿ ಕಡಿಮೆಯಾಯಿತು ಎಂದು ಬೈಸಿಕೊಳ್ಳುತ್ತಾರೆ.

ಆ ವರ್ಷ ಯುಗಾದಿ ಕಳೆದ ಮೇಲೆ, ತೋಟದ ಮನೆಯ ಸಿದ್ದಬಸಪ್ಪನವರು ಅರಳಿಕಟ್ಟೆಯಲ್ಲಿ ಊರಿನವರ ಮುಂದೆ ಒಂದು ಮಾತು ಇಟ್ಟರು. ಬಾನಿಯಾಚೆಯ ತೆಂಗಿನ ತೋಟ ಅವರದು. ಅರವತ್ತೆರಡು ವರ್ಷ, ನೇರ ಮಾತು, ಯಾರದನ್ನೂ ಮುಟ್ಟದ ಮನುಷ್ಯ. ತೋಟಕ್ಕೆ ಬರುವ ಲಾರಿ ಬಾನಿಯನ್ನು ಬಳಸಿಕೊಂಡು, ಅದರಾಚೆಯ ಹಳ್ಳ ಇಳಿದು ಹತ್ತಿ ಬರಬೇಕಿತ್ತು. ಪಡುವಲ ದಂಡೆಯಲ್ಲಿ ನಾಲ್ಕು ಮಾರು ಕತ್ತರಿಸಿದರೆ, ದನದ ಜಾಡಿನಲ್ಲಿ ಇಳಿದ ಲಾರಿ ಬೇಸಿಗೆಯಲ್ಲಿ ಬಾನಿಯ ಒಣ ತಳದ ಮೇಲೆ ಹಾದು ಸೀದಾ ತೋಟ ಸೇರುತ್ತದೆ ಎಂಬುದು ಅವರ ಲೆಕ್ಕ.

“ಚುಕ್ಕಿ ಬಿದ್ದ ಜಾಗುಕ್ಕೆ ಬಾಗ್ಲು ಇಕ್ಕುಸ್ತೀರಾ?” ಎಂದರು ಕೆಂಪಲಕ್ಷ್ಮಮ್ಮ.

“ಕೆಂಪಕ್ಕ, ಅದು ಯಾವ ಚುಕ್ಕಿಯೂ ಬಿದ್ದ ಜಾಗ ಅಲ್ಲ. ಹಿಂದಿನವರು ದನಕ್ಕೆ ಅಂತ ತೋಡಿದ ಕಟ್ಟೆ. ನಿಮ್ಮ ತವರಿನ ಕೊಳಕ್ಕೆ ಹೊರಟವಳು ನಮ್ಮ ಹೊಲದಲ್ಲಿ ಬಿದ್ದಳು ಅಂದ್ರೆ, ಆಕಾಶದವರಿಗೆ ದಾರಿ ಗೊತ್ತಿಲ್ಲ ಅಂತಾಯ್ತು.”

“ದಾರಿ ಗೊತ್ತಿಲ್ದೆ ಇದ್ದುದ್ಕೇ ಅಲ್ವಾ ಗುರ್ತು ಮಡಗು ಅಂದಿದ್ದು!”

ಅರಳಿಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸಿದ್ದಬಸಪ್ಪನವರೂ ನಕ್ಕರು. ನಕ್ಕು ಮುಗಿದ ಮೇಲೆ ಅವರೇ ಒಂದು ತೀರ್ಮಾನ ಸೂಚಿಸಿದರು. ಹಗರೆಯ ಹಾಲಿನ ಡೇರಿಯ ಕಾರ್ಯದರ್ಶಿಯ ಮಗಳು ಶ್ಯಾಮಲಾ ಕಲ್ಲುಮಣ್ಣಿನ ವಿದ್ಯೆ ಓದಿದವಳು, ಅವಳನ್ನು ಕರೆಸೋಣ. ಆಕಾಶದಿಂದ ಬಿದ್ದದ್ದೆಂದು ಅವಳು ಹೇಳಿದರೆ ತಾವು ಒಂದು ಹಿಡಿ ಮಣ್ಣನ್ನೂ ಮುಟ್ಟುವುದಿಲ್ಲ. ಮನುಷ್ಯರು ತೋಡಿದ್ದೆಂದರೆ ಮನುಷ್ಯರೇ ದಾರಿ ಮಾಡಿಕೊಳ್ಳಬಹುದು. ಕೆಂಪಲಕ್ಷ್ಮಮ್ಮ ಒಪ್ಪಿದರು. ಒಪ್ಪಿದ್ದು ಅವರಿಗೆ ಸುಲಭವಾಗಿರಲಿಲ್ಲವೆಂದು ಸಿದ್ದಬಸಪ್ಪನವರ ಹೆಂಡತಿ ದ್ರಾಕ್ಷಾಯಣಮ್ಮ ಹೇಳುತ್ತಾರೆ. ಸಾಯುವ ಮುಂಚೆ ಕೆಂಪಲಕ್ಷ್ಮಮ್ಮನವರ ಅತ್ತೆ ಸೊಸೆಯ ಕೈ ಹಿಡಿದು ಹೇಳಿದ್ದು ಒಂದೇ ಮಾತಂತೆ: ನಿನ್ನ ಕಾಲದಲ್ಲಿ ಬಾನಿ ಒಡೆಯಬಾರದು.

ಮೇ ತಿಂಗಳ ಮೊದಲ ಶನಿವಾರ ಶ್ಯಾಮಲಾ ಬಂದರು. ಮೂವತ್ತು ದಾಟಿದ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೂ ಕಲ್ಲಿಗೂ ಇಳಿಯುವ ಹೆಣ್ಣುಮಗಳು. ಭೂತಗನ್ನಡಿ ಹಿಡಿದು ದಂಡೆಯ ಸುತ್ತ ಎರಡು ಸಲ ನಡೆದರು. ತಳದ ಮಣ್ಣು ಮೂಸಿದರು. ಬಂಡೆ ಎಲ್ಲಿಯೂ ಹೊರಗೆ ಕಾಣುತ್ತಿರಲಿಲ್ಲ. ಎಲ್ಲ ಮಣ್ಣು ಮುಚ್ಚಿತ್ತು. ಕೊನೆಗೆ, ಸುತ್ತ ನೆರೆದಿದ್ದ ಊರಿನವರನ್ನು ಕೇಳಿದರು:

“ಈ ದಂಡೆಯನ್ನ ಯಾರಾದರೂ ಕಟ್ಟಿದ್ದಾರಾ? ರಿಪೇರಿ ಏನಾದರೂ ಆಗಿದೆಯಾ?”

“ಇಲ್ಲವ್ವ” ಎಂದರು ಎಲ್ಲರೂ.

“ಹಾರೆ ಗುದ್ದಲಿ ತಾಕ್ಸೇ ಇಲ್ಲ ಕಣ್ ಮಗ. ತಾಕ್ಸಂಗೂ ಇಲ್ಲ” ಎಂದರು ಕೆಂಪಲಕ್ಷ್ಮಮ್ಮ.

ಯಾರೂ ಸುಳ್ಳು ಹೇಳಲಿಲ್ಲ. ದಿನವೂ ಅಂಗಳ ಗುಡಿಸುವವಳನ್ನು ಮನೆ ರಿಪೇರಿ ಮಾಡಿದೆಯಾ ಎಂದು ಕೇಳಿದರೆ ಅವಳು ಇಲ್ಲವೆಂದೇ ಹೇಳುತ್ತಾಳೆ.

ಅರಳಿಕಟ್ಟೆಯಲ್ಲಿ ಶ್ಯಾಮಲಾ ಒಂದು ಪರಾತದ ತುಂಬ ರಾಗಿಹಿಟ್ಟು ತರಿಸಿದರು. ಒಂದು ದುಂಡುಕಲ್ಲನ್ನು ತಲೆಯೆತ್ತರದಿಂದ ಅದರೊಳಕ್ಕೆ ಬಿಟ್ಟರು. ಮುಂದೆ ಬಗ್ಗಿ ನೋಡುತ್ತಿದ್ದ ಮರಿಯಣ್ಣನ ಮೀಸೆ ಹಿಟ್ಟಾಯಿತು.

“ಮದ್ವೆ ಗಂಡಿನ ಕಳೆ ಬಂತು ನೋಡ್ಲಾ ಮರಿಯ!” ಎಂದು ಯಾರೋ ಕೂಗಿದರು.

ಕಲ್ಲನ್ನು ತೆಗೆದಾಗ ಹಿಟ್ಟಿನಲ್ಲಿ ಚುಕ್ಕಿಬಾನಿಯೇ ಇತ್ತು: ಆಳದ ಗುಂಡಿ, ಸುತ್ತ ಚೂಪಾದ ದಂಡೆ. ಕೆಂಪಲಕ್ಷ್ಮಮ್ಮನವರ ಮುಖ ಅರಳಿತು.

“ಇದು ಬಿದ್ದ ದಿನದ ರೂಪ” ಎಂದರು ಶ್ಯಾಮಲಾ. “ಇನ್ನು ಮಳೆ ಬರಲಿ.” ಚೆಂಬಿನಲ್ಲಿ ಬೆರಳದ್ದಿ ಚಿಮುಕಿಸಿದರು, ಮತ್ತೆ ಚಿಮುಕಿಸಿದರು. “ಮೊದಲು ಸೋಲೋದು ದಂಡೆ. ಎತ್ತರದಲ್ಲಿ ಇರೋದರಿಂದ ಮಳೆ ಗಾಳಿ ಎರಡಕ್ಕೂ ಅದೇ ಸಿಗುತ್ತೆ. ಒಳಕ್ಕೂ ಜಾರುತ್ತೆ, ಹೊರಕ್ಕೂ ಜಾರುತ್ತೆ. ಒಳಕ್ಕೆ ಜಾರಿದ್ದು ತಳದಲ್ಲಿ ಕೂತು ಗುಂಡಿ ತುಂಬುತ್ತೆ. ಗೋಡೆ ಕುಸಿದು ಬಾಯಿ ಅಗಲ ಆಗುತ್ತೆ. ಬಾನಿ ಬೋಗುಣಿ ಆಗುತ್ತೆ, ಬೋಗುಣಿ ತಟ್ಟೆ ಆಗುತ್ತೆ. ಕೋಟಿಗಟ್ಟಲೆ ವರ್ಷ ಹೋದರೆ ತಟ್ಟೆಯೂ ಇರಲ್ಲ. ಲೋಟ ಇಟ್ಟು ಎತ್ತಿದ ಜಾಗದಲ್ಲಿ ಒದ್ದೆ ಉಂಗುರ ಉಳಿಯುತ್ತಲ್ಲ, ಆ ಥರ ಒಂದು ಕಲೆ, ಅದೂ ಮೇಲಿಂದ ನೋಡಿದರೆ ಮಾತ್ರ. ಕೆಲವು ಕಡೆ ಸುತ್ತಲಿನ ನೆಲವೇ ಮೊದಲು ಸವೆದುಬಿಡುತ್ತೆ. ಒಳಗೆ ತುಂಬಿಕೊಂಡದ್ದು ಗಟ್ಟಿಯಾಗಿದ್ದರೆ, ಗುಂಡಿ ಇದ್ದ ಜಾಗವೇ ಗುಡ್ಡವಾಗಿ ನಿಲ್ಲುತ್ತೆ.”

“ಗುಂಡಿ ಗುಡ್ಡ ಆಯ್ತದಾ?” ಎಂದ ಮರಿಯಣ್ಣ, ಮೀಸೆ ಒರೆಸುವುದನ್ನು ಮರೆತು.

“ಆಗುತ್ತೆ. ಅವಸರ ಮಾಡಬಾರದು ಅಷ್ಟೆ.”

ಮಹಾರಾಷ್ಟ್ರದ ಲೋಣಾರ್‌ನಲ್ಲಿ ಆಕಾಶದಿಂದ ಬಿದ್ದ ಕಲ್ಲು ಮಾಡಿದ ಸರೋವರವೊಂದಿದೆ ಎಂದು ಶ್ಯಾಮಲಾ ಹೇಳಿದರು. ಭೂಮಿಯ ಆಯಸ್ಸಿನಲ್ಲಿ ಅದು ಮೊನ್ನೆ ಮೊನ್ನೆಯದು. ಆದರೂ ಅದರ ದಂಡೆಯನ್ನು ಮಳೆ ಆಗಲೇ ಕೊರೆದು ಕಾಲುವೆಗಳನ್ನು ಮಾಡಿದೆ. ಅಷ್ಟು ಹೇಳಿ ಅವರು ದನಿ ತಗ್ಗಿಸಿದರು.

“ಅಜ್ಜಿ, ನಿಮ್ಮ ಬಾನಿಯ ದಂಡೆಯಲ್ಲಿ ಒಂದು ಕೊರಕಲೂ ಇಲ್ಲ. ನಿನ್ನೆ ಅಚ್ಚಿನಿಂದ ತೆಗೆದ ಹಾಗಿದೆ. ಹಳೆಯದಾಗಿದ್ದರೆ ಹೀಗಿರೋಕೆ ಸಾಧ್ಯವಿಲ್ಲ. ಆಕಾರ ನೋಡಿದರೆ ಇದು ಇತ್ತೀಚೆಗೆ, ಹೆಚ್ಚೆಂದರೆ ನೂರು ಇನ್ನೂರು ವರ್ಷದ ಹಿಂದೆ ಜನ ತೋಡಿದ್ದು ಅನ್ನಿಸುತ್ತೆ.”

ಸಿದ್ದಬಸಪ್ಪನವರು ಗೆದ್ದವರಂತೆ ಕಾಣಲಿಲ್ಲ. ಹೆಗಲ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡರು.

“ಹಂಗಾರೆ ನಮ್ಮತ್ತೆ ನಂಗೆ ಸುಳ್ ಹೇಳುದ್ರಾ?” ಎಂದರು ಕೆಂಪಲಕ್ಷ್ಮಮ್ಮ. ಕೇಳಿದ್ದು ಶ್ಯಾಮಲಾರನ್ನಲ್ಲ, ಪರಾತದ ಹಿಟ್ಟನ್ನು.

“ಬೇಸರ ಮಾಡ್ಕೋಬೇಡಿ ಕೆಂಪಕ್ಕ. ಬುಧವಾರ ಟ್ರ್ಯಾಕ್ಟರ್ ತರಿಸ್ತೀನಿ. ನನ್ನ ಮನೆ ಪಾಲಿನ ನಾಲ್ಕು ಮಾರು ಬಿಟ್ಟು ಬೇರೆ ಯಾರ ಪಾಲನ್ನೂ ಮುಟ್ಟೋದಿಲ್ಲ” ಎಂದರು ಸಿದ್ದಬಸಪ್ಪ.

“ಬುಧ್ವಾರ ಬುಧ್ವಾರಕ್ಕೆ. ಅದ್ಕೂ ಮುಂಚೆ ಮಳೆ ಬಂದ್ರೆ ಮಂಕರಿ ಹೊರೋದು ಹೊರೋದೇಯ” ಎಂದು ಅಜ್ಜಿ ಎದ್ದರು.

ಮಳೆ ಅಂದು ಸಂಜೆಯೇ ಬಂತು. ಹೊಲದ ಬದು ಜಾರಾಗಿ ಶ್ಯಾಮಲಾ ಬಸ್ಸಿಗೆ ಹೋಗಲಾಗದೆ ತೋಟದ ಮನೆಯಲ್ಲೇ ಉಳಿದರು. ಬೆಳಿಗ್ಗೆ ಎದ್ದು ಹೊರಬಂದಾಗ ಜಗಲಿಯ ಮೇಲೆ ಎರಡು ಮಂಕರಿಗಳನ್ನು ತೊಳೆದು ಬೋರಲಿಟ್ಟಿತ್ತು. ಮನೆಯಲ್ಲಿದ್ದ ಹೆಂಗಸು ದ್ರಾಕ್ಷಾಯಣಮ್ಮ ಒಬ್ಬರೇ. ಮಗಳನ್ನು ತಿಪಟೂರಿಗೆ ಕೊಟ್ಟಿತ್ತು.

“ಎರಡು ಯಾಕಮ್ಮ?”

“ಬಾ, ಮೊದ್ಲು ಕಾಫಿ ಕುಡಿ” ಎಂದರು ದ್ರಾಕ್ಷಾಯಣಮ್ಮ.

ಕಾಫಿ ಕುಡಿದು ದಂಡೆಯ ಬಳಿ ಬಂದ ಶ್ಯಾಮಲಾ ನಿಂತಲ್ಲೇ ನಿಂತರು. ಬಾನಿಯ ತಳದಲ್ಲಿ ನೂರಕ್ಕೂ ಹೆಚ್ಚು ಹೆಂಗಸರು ಸೀರೆ ಎತ್ತಿಕಟ್ಟಿ, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ, ರಾತ್ರಿಯ ಮಳೆ ತಂದು ಹಾಕಿದ ನುಣ್ಣನೆಯ ಗೋಡನ್ನು ಬಾಚುತ್ತಿದ್ದರು. ಕೆಂಪಲಕ್ಷ್ಮಮ್ಮ ಮೊದಲ ಮಂಕರಿ ಹೊತ್ತು ಮೂಡಲ ದಂಡೆ ಹತ್ತಿ, ಸುರಿದು, ಅಂಗೈಯಿಂದ ತಟ್ಟದೆ ಕೈಯ ಹಿಂಭಾಗದಿಂದ ಕೆಳಗಿನಿಂದ ಮೇಲಕ್ಕೆ ಸವರಿದರು, ಒಲೆಗೆ ಸಾರಣೆ ಮಾಡುವಂತೆ. ಅವರ ಹಿಂದೆ ನಲವತ್ತೈದು ಮನೆಗಳ ಮಂಕರಿಗಳು ಸುತ್ತ ಎಲ್ಲ ದಿಕ್ಕಿಗೂ ಏರಿದವು. ಮಳೆ ಕೊರೆದಿದ್ದ ಎಳೆಯ ಗೆರೆಗಳು ಒಂದೊಂದಾಗಿ ಮಾಯವಾದವು.

ಶ್ಯಾಮಲಾ ಚಪ್ಪಲಿ ಎಸೆದು ಓಡಿ ಹೋಗಿ ಅಜ್ಜಿಯ ಕೆಸರು ಕೈ ಹಿಡಿದರಂತೆ.

“ಅಜ್ಜಿ! ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?”

“ನೀನು ಕೇಳ್ನಿಲ್ವಲ್ಲ.”

“ಕೇಳಿದೆ! ರಿಪೇರಿ ಆಗಿದೆಯಾ ಅಂತ ಕೇಳಿದೆ!”

“ಇದ್ಯಾಕೆ ರಿಪೇರಿ ಆದಾತು? ಇದು ಮಣ್ಣೇರ್ಸೋದು.”

ಶ್ಯಾಮಲಾ ನಗಲು ತೊಡಗಿದರು. ಕಾರಣ ತಿಳಿಯದೆ ಅಜ್ಜಿಯೂ ನಕ್ಕರು. ಅಕ್ಕಪಕ್ಕದ ಹೆಂಗಸರು, ಇವರಿಬ್ಬರು ನಗುತ್ತಿದ್ದಾರಲ್ಲ ಎಂದು ನಕ್ಕರು. ಪಾನಕದ ಕೊಳದಪ್ಪಲೆಯ ಬಳಿಯಿದ್ದ ಗಂಡಸರು, ಪಾನಕ ಕೆಟ್ಟಿರಬೇಕೆಂದು ಒಂದು ಲೋಟ ರುಚಿ ನೋಡಿದರು.

ನಗು ನಿಂತ ಮೇಲೆ ಶ್ಯಾಮಲಾ ನೋಟ್‌ಬುಕ್ಕಿನಲ್ಲಿ ಮಂಕರಿಗಳನ್ನು ಎಣಿಸಿ, ದಂಡೆಯ ಉದ್ದ ಅಗಲ ಹಾಕಿ ಗುಣಿಸಿ ನೋಡಿದರು. ಇಳಿಜಾರಿನ ಮೇಲೆ ಹರಡಿದರೆ ಅಷ್ಟೂ ಮಣ್ಣು ಒಂದು ರಾಗಿಕಾಳಿನ ದಪ್ಪವಾಗುತ್ತಿತ್ತು. ಈ ಸೀಮೆಯ ಮಳೆ ಇಂಥ ದಂಡೆಯಿಂದ ವರ್ಷಕ್ಕೆ ಕೊಚ್ಚಿಕೊಂಡು ಹೋಗುವುದೂ ಹೆಚ್ಚುಕಡಿಮೆ ಅಷ್ಟೇ.

ಅವರು ಸಿದ್ದಬಸಪ್ಪನವರನ್ನು ಕರೆದರು.

“ಅಂಕಲ್, ನಿನ್ನೆ ಹೇಳಿದ್ದನ್ನ ವಾಪಸ್ ತಗೋತೀನಿ. ನಾನು ಓದಿದ್ದು ಭೂಮಿ ಮಾಡಿದ ಆಕಾರ ಅಲ್ಲ, ಈ ಹೆಂಗಸರು ಮಾಡಿದ ಆಕಾರ. ಮಳೆ ವರ್ಷಕ್ಕೊಂದು ರಾಗಿಕಾಳು ಇಳಿಸುತ್ತೆ, ಇವರು ಒಂದು ರಾಗಿಕಾಳು ಏರಿಸ್ತಾರೆ. ಹೀಗೆ ಮಾಡುತ್ತಾ ಇದ್ದರೆ ಇದಕ್ಕೆ ಇನ್ನೂರು ವರ್ಷವೋ ಎರಡು ಸಾವಿರವೋ ಇಪ್ಪತ್ತು ಲಕ್ಷವೋ, ದಂಡೆ ನೋಡಿ ಹೇಳೋಕೆ ಯಾರ ಕೈಯಲ್ಲೂ ಆಗಲ್ಲ.”

“ಹಾಗಾದರೆ ಆಕಾಶದಿಂದ ಬಿದ್ದದ್ದು ಅಂತೀಯಾ?”

“ಅದನ್ನೂ ಹೇಳಲಾರೆ. ಕೆಳಗಿನ ಬಂಡೆ ನೋಡಬೇಕು. ಏಟು ತಿಂದ ಬಂಡೆಯಲ್ಲಿ ಗುರುತು ಇರುತ್ತೆ. ಆದರೆ ಅದಕ್ಕೆ ಹಾರೆ ಹಾಕಬೇಕು.”

“ಹಾರೆ ಮುಟ್ಸಂಗಿಲ್ಲ!” ಎಂದರು ನಾಲ್ವರು ಹೆಂಗಸರು ಒಟ್ಟಿಗೆ.

“ಕೇಳಿದಿರಲ್ಲ” ಎಂದರು ಶ್ಯಾಮಲಾ.

ಸಿದ್ದಬಸಪ್ಪನವರು ಯೋಚಿಸಿದರು. ಬಿದ್ದದ್ದೆಂದೂ ಅಲ್ಲ, ತೋಡಿದ್ದೆಂದೂ ಅಲ್ಲ. ಕೊಟ್ಟ ಮಾತು ಯಾವ ಕಡೆಗೂ ತೂಗುತ್ತಿರಲಿಲ್ಲ. “ತೀರ್ಪು ಬರಲಿಲ್ಲ ಅಂದ ಮೇಲೆ ಅವರವರ ಪಾಲು ಅವರವರಿಗೆ. ನನ್ನ ಮನೆಯ ನಾಲ್ಕು ಮಾರಿನಲ್ಲಿ ನಾನು ದಾರಿ ಮಾಡ್ಕೋತೀನಿ. ಎಷ್ಟು ಮಣ್ಣು ತೆಗೆಯಬೇಕು ಅಂತ ಮಟ್ಟ ನೋಡು ಮರಿಯಣ್ಣ” ಎಂದರು.

ಮರಿಯಣ್ಣ ನೀರು ತುಂಬಿದ ಟ್ಯೂಬು ತಂದ. ಗಾರೆಯವರು ಗೋಡೆಯ ಮಟ್ಟ ನೋಡುವ ಟ್ಯೂಬು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ ಏರುತಗ್ಗು ಸುಳ್ಳು ಹೇಳುವಂತಿಲ್ಲ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಶ್ಯಾಮಲಾ ಕೈಯಲ್ಲಿ. ಬಂದದ್ದು ಬಂದಿದ್ದೇವೆ, ಇಡೀ ದಂಡೆಯ ಮಟ್ಟವನ್ನೇ ನೋಡಿಬಿಡೋಣವೆಂದು ಶ್ಯಾಮಲಾ ಹೇಳಿದ್ದರಿಂದ ಬಾನಿಯನ್ನು ಪೂರ್ತಿ ಸುತ್ತಿದರು. ದನದ ಜಾಡೊಂದನ್ನು ಬಿಟ್ಟರೆ ನಲವತ್ತನಾಲ್ಕು ಮನೆಗಳ ಪಾಲು ಒಂದೆರಡು ಬೆರಳಿನ ವ್ಯತ್ಯಾಸದಲ್ಲಿ ಸಮವಾಗಿತ್ತು. ತೋಟದ ಮನೆಯ ಪಾಲಿನಲ್ಲಿ ಟ್ಯೂಬಿನ ನೀರು ನೆಲಕ್ಕೆ ಹತ್ತಿರ, ಕೆಳಗೇ ನಿಂತಿತು.

“ಇಲ್ಲಿ ಒಂದು ಗೇಣು ಜಾಸ್ತಿ ಐತೆ” ಎಂದ ಮರಿಯಣ್ಣ.

“ಪಡುವಲ ಮಳೆ ಬಡಿಯೋ ಕಡೆ ಇದು. ಇಲ್ಲಿ ತಗ್ಗಿರಬೇಕಿತ್ತು. ಇದ್ಯಾಕೆ ಎತ್ತರ?” ಎಂದು ಶ್ಯಾಮಲಾ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮಟ್ಟ ಹಿಡಿದರು. ಆಗಲೂ ಒಂದು ಗೇಣು.

ಆ ಹೊತ್ತಿಗೆ ದ್ರಾಕ್ಷಾಯಣಮ್ಮ ತಮ್ಮ ಎರಡನೆಯ ಮಂಕರಿ ಹೊತ್ತು ದಂಡೆ ಹತ್ತಿ ಬಂದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ನಿಂತರು.

“ನಿನ್ನದು ಆಗಲೇ ಆಯ್ತಲ್ಲ. ಇದು ಯಾರದು?” ಎಂದು ಕೇಳಿದರು ಸಿದ್ದಬಸಪ್ಪ.

“ತಿಪ್ಟೂರ್ ಮಗಳ್ದು ಇರ್ಬೇಕು ಬುಡಿ” ಎಂದರು ಸಣ್ಣತಾಯಮ್ಮ, ಪಕ್ಕದ ಪಾಲಿನವರು. ಊರಿನ ಹೆಂಗಸರೆಲ್ಲ ಹಾಗೆಂದೇ ತಿಳಿದಿದ್ದರು.

ದ್ರಾಕ್ಷಾಯಣಮ್ಮ ಮಂಕರಿ ಇಳಿಸಲಿಲ್ಲ. “ಅವಳದ್ದಲ್ಲ. ನಿಮ್ಮದು” ಎಂದರು ಗಂಡನಿಗೆ.

“ನನ್ನದೇ?”

“ನೀವು ಹುಡುಗರಾಗಿದ್ದಾಗ ತೆಂಗಿನ ಗರಿಯ ಹೆಡೆಮಟ್ಟೆ ಮೇಲೆ ಕೂತು ಈ ದಂಡೆಯಿಂದ ಜಾರ್ತಿದ್ದಿರಂತೆ. ಬೆಳಗಿಂದ ಸಂಜೆತನಕ. ಊರಿನ ಹುಡುಗರು ಜಾರೋದು ಒಂದು ತೂಕ ಆದ್ರೆ ನಿಮ್ಮದು ಒಂದು ತೂಕ. ಇಲ್ಲಿ ಬಂಡಿ ಜಾಡಿನಷ್ಟು ಕಾಲುವೆ ಬಿದ್ದಿತ್ತಂತೆ. ಮಗ ಇಳಿಸಿದ ಮಣ್ಣು ನಾನು ಏರಿಸ್ತೀನಿ ಅಂತ ಅತ್ತೆ ಆ ವರ್ಷದಿಂದ ಎರಡು ಮಂಕರಿ ಹೊತ್ತರು. ನಾನು ಈ ಮನೆಗೆ ಬಂದ ವರ್ಷ ಕರೆದು ಹೇಳಿದ್ರು: ಒಂದು ನಿನ್ನದು, ಇನ್ನೊಂದು ಅವನದು. ಅವನಿಗೆ ಹೇಳಬೇಡ, ನಾಚ್ಕೋತಾನೆ, ಅಂದ್ರು. ಮೂವತ್ತಾರು ವರ್ಷದಿಂದ ಹೊರ್ತಾ ಇದ್ದೀನಿ.”

“ಕಾಲುವೆ ಯಾವತ್ತೋ ಮುಚ್ಚಿರಬೇಕಲ್ಲ!” ಎಂದರು ಶ್ಯಾಮಲಾ.

“ಯಾವಾಗ ನಿಲ್ಲಿಸಬೇಕು ಅಂತ ಅತ್ತೆ ಹೇಳಿರಲಿಲ್ಲ.”

ಸಿದ್ದಬಸಪ್ಪನವರು ಟ್ಯೂಬಿನಲ್ಲಿ ನಿಂತಿದ್ದ ನೀರನ್ನು ನೋಡಿದರು. ಅವರ ತಾಯಿಯ ಮತ್ತು ಹೆಂಡತಿಯ ಒಂದು ಗೇಣು ಅಲ್ಲಿ ಅಳತೆಯಾಗಿ ನಿಂತಿತ್ತು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಗಲ್ಲ ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು. ತೋಟದಾಚೆಗೂ ಕೇಳುವಂತೆ ನಕ್ಕರು.

“ನನ್ನ ತಪ್ಪಿನ ಮೇಲೆ ಇಬ್ಬರು ಹೆಂಗಸರು ಕೋಟೆ ಕಟ್ಟಿದ್ದಾರೆ, ಅದನ್ನ ನಾನೇ ಒಡೆಸಲಾ? ಬೇಡ. ಲಾರಿ ಹಳ್ಳ ಇಳಿದೇ ಬರಲಿ. ಇಷ್ಟು ವರ್ಷ ಬಂದಿಲ್ಲವೇ?” ಎಂದರು. ಬಳಿಕ ಕೆಂಪಲಕ್ಷ್ಮಮ್ಮನವರ ಕಡೆ ತಿರುಗಿ, “ಕೆಂಪಕ್ಕ, ಗಂಡಸರು ಮಂಕರಿ ಹೊರಬಾರದು ಅಂತ ನಿಮ್ಮ ಕಥೆಯಲ್ಲಿ ಇದೆಯೇನು?” ಎಂದು ಕೇಳಿದರು.

ಅಜ್ಜಿ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ತುಟಿ ಅಲುಗುವುದು ಎಲ್ಲರಿಗೂ ಕಾಣುತ್ತಿತ್ತು.

“ಇಲ್ಲ. ಯಾವ ಗಂಡ್ಸೂ ಕೇಳಿರ್ನಿಲ್ಲ ಅಷ್ಟೇಯ.”

ದ್ರಾಕ್ಷಾಯಣಮ್ಮನವರ ತಲೆಯಿಂದ ಸಿದ್ದಬಸಪ್ಪನವರು ಮಂಕರಿಯನ್ನು ಇಳಿಸಿಕೊಂಡು ತಮ್ಮ ತಲೆಗೇರಿಸಿದರು. ಬಿಳಿಯ ಅಂಗಿಯ ಮೇಲೆ ಕೆಸರು ಸೋರಿತು. ಮೂರು ಹೆಜ್ಜೆ ನಡೆದು ದಂಡೆಯ ಮೇಲೆ ಸುರಿದು ಅಂಗೈಯಿಂದ ರಪರಪ ತಟ್ಟಿದರು.

“ರೊಟ್ಟಿ ತಟ್ತಾ ಇದ್ದೀರಾ? ಬೆರಳ ಗುರುತಿನಲ್ಲಿ ನೀರು ನಿಲ್ಲುತ್ತೆ. ಕೈ ತಿರುಗಿಸಿ ಸವರ್ರಿ!” ಎಂದರು ದ್ರಾಕ್ಷಾಯಣಮ್ಮ.

“ಕೆಳಗಿಂದ ಮ್ಯಾಕೆ, ಮ್ಯಾಕೆ!” ಎಂದರು ಸಣ್ಣತಾಯಮ್ಮ.

“ಆ ಮಗೀನ್ ಬುಡ್ರೇ, ಹೊಸ್ದಾಗಿ ಕಲೀತೈತೆ” ಎಂದರು ಕೆಂಪಲಕ್ಷ್ಮಮ್ಮ. ಬಾನಿಯ ಸುತ್ತ ನೂರ ಎಂಬತ್ತು ಮಾರೂ ನಗು ಹರಿಯಿತು.

ಸವರಿ ಮುಗಿಸಿ ಸಿದ್ದಬಸಪ್ಪನವರು ಸೊಂಟ ನೆಟ್ಟಗೆ ಮಾಡಿದರು. ಮುಂದೆ ಇಳಿಜಾರು ಒದ್ದೆಯಾಗಿ ಹೊಳೆಯುತ್ತಿತ್ತು. ತೋಟದ ಅಂಚಿನಲ್ಲಿ ಒಂದು ಒಣಗಿದ ಹೆಡೆಮಟ್ಟೆ ಬಿದ್ದಿತ್ತು. ಅವರು ಅದನ್ನು ಒಮ್ಮೆ ನೋಡಿದರು, ಹೆಂಡತಿಯ ಕಡೆ ಒಮ್ಮೆ ನೋಡಿದರು.

“ಬೇಡ. ಅರವತ್ತೆರಡು ವರ್ಷ ನಿಮಗೆ” ಎಂದರು ದ್ರಾಕ್ಷಾಯಣಮ್ಮ.

ಆದರೆ ಅವರು ಆಗಲೇ ಪಂಚೆ ಎತ್ತಿಕಟ್ಟಿದ್ದರು. ಹೆಡೆಮಟ್ಟೆಯನ್ನು ದಂಡೆಯ ಮೇಲಿಟ್ಟು, ಕೂತು, ಎರಡು ಕೈಯಿಂದ ನೆಲ ನೂಕಿದರು. ಐವತ್ತು ವರ್ಷದ ಕೆಳಗೆ ಕಲಿತದ್ದು ಮರೆತಿರಲಿಲ್ಲ. ಅಡ್ಡ ತಿರುಗದೆ, ಬೀಳದೆ, ಹೆಂಗಸರು ಎರಡೂ ಬದಿಗೆ ಕಿರುಚಿ ಸರಿಯುತ್ತಿರಲು, ಬಾನಿಯ ನಟ್ಟನಡುವೆ ಹೋಗಿ ನಿಂತರು. ನಿಂತ ಜಾಗದಿಂದ ಮೇಲೆ ದಂಡೆಯವರೆಗೆ ಹೊಸ ಮಣ್ಣಿನಲ್ಲಿ ಒಂದು ನೀಟಾದ ಕಾಲುವೆ ಬಿದ್ದಿತ್ತು.

ದ್ರಾಕ್ಷಾಯಣಮ್ಮ ದಂಡೆಯ ಮೇಲಿನಿಂದ ಖಾಲಿ ಮಂಕರಿಯನ್ನು ಕೆಳಕ್ಕೆ ಉರುಳಿಸಿದರು. ಅದು ಉರುಳುತ್ತ ಹೋಗಿ ಗಂಡನ ಕಾಲ ಬಳಿ ನಿಂತಿತು.

“ತುಂಬಿಸಿಕೊಂಡು ಬನ್ನಿ” ಎಂದರು.

ಹೇಳಿದವರ ಮಾತು ಕೂಡದಿರುವುದು ಇಲ್ಲಿ. ಸಿದ್ದಬಸಪ್ಪನವರು ಅಂದು ಜಾರಿದ್ದು ಎರಡು ಸಲ ಎನ್ನುತ್ತಾನೆ ಮರಿಯಣ್ಣ. ತಾನೇ ಹೆಡೆಮಟ್ಟೆಯನ್ನು ಮತ್ತೆ ಮೇಲಕ್ಕೆ ಎಳೆದು ಕೊಟ್ಟೆನೆಂದು ಆಣೆ ಇಡುತ್ತಾನೆ. ಶ್ಯಾಮಲಾ, ಅಷ್ಟು ಹೊತ್ತಿಗೆ ನಾನೂ ಒಂದು ಹೆಡೆಮಟ್ಟೆ ಹುಡುಕುತ್ತಿದ್ದೆ, ನೋಡಲಿಲ್ಲ ಎನ್ನುತ್ತಾರೆ. ದ್ರಾಕ್ಷಾಯಣಮ್ಮ ಮಾತ್ರ ಮೂರು ಸಲ ಎಂದು ಹೇಳಿದರು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದ್ದಕ್ಕೆ, “ಮೂರು ಮಂಕರಿ ಹೊರಿಸಿದೆನಲ್ಲ” ಎಂದರು. ನಾನು ಮೂರೆಂದೇ ಬರೆದುಕೊಂಡೆ.